ತೋಡಿನ ದಂಡೆಗೆ ಐವತ್ತು ಮಾರ್ಕು

ಮೂವತ್ತು ವರ್ಷ ದನಗಳ ಬಾಲದ ಹಿಂದೆ ತಿರುಗಿದವನಿಗೆ ನಿವೃತ್ತಿಯ ಮೇಲಾದರೂ ಸ್ವಲ್ಪ ಮರ್ಯಾದೆಯ ಕೆಲಸ ಸಿಗುತ್ತದೆ ಎಂದು ನಾನು ನಂಬಿದ್ದೆ. ಆದರೆ ನಗೆಪಾಟಲು ನನ್ನ ಬೆನ್ನು ಬಿಡುವ ಜಾತಿಯದಲ್ಲ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಅಂಗಳಕ್ಕೆ ಬಂದು ನಿಂತಿರುತ್ತದೆ.

ನಾನು ದನದ ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು, ಡಾಕ್ಟರ್ ಅಲ್ಲ. ಆದರೂ ಉದ್ಯಾವರದಿಂದ ಕಾರ್ಕಳದ ತನಕ ನನಗೆ 'ಡಾಕ್ಟ್ರು' ಎಂದೇ ಹೆಸರು. ತಿದ್ದಿ ತಿದ್ದಿ ಸಾಕಾಗಿ ಈಗ ಬಿಟ್ಟಿದ್ದೇನೆ. ನಿವೃತ್ತನಾಗಿ ಆರು ತಿಂಗಳು ಮನೆಯಲ್ಲಿ ಕೂತು ಪೇಪರು ಓದಿದೆ. ಓದಲು ಏನೂ ಉಳಿಯದೆ ಹೆಂಡತಿ ಮಾಡುವ ಸಾರಿಗೆ ಸಲಹೆ ಕೊಡಲು ಶುರು ಮಾಡಿದ್ದೆ. ಆಗ ಮಣಿಪಾಲದಿಂದ ಒಬ್ಬರು ಮೇಡಂ ಫೋನ್ ಮಾಡಿದರು. ಗಿಡಗಳ ಶಾಸ್ತ್ರ ಓದಿದವರು. ದನ ಮೇಯುವ ತೋಡಿನ ದಂಡೆಗಳು ಹೇಗಿವೆ ಎಂದು ಅಳೆದು ನೋಡಬೇಕು, ದನಗಳ ಬಗ್ಗೆ ತಿಳಿದ ಒಬ್ಬರು ಜೊತೆಗೆ ಬೇಕು ಎಂದರು. ಎರಡು ದಿನ ಯೋಚಿಸಿ ಹೇಳುತ್ತೇನೆ ಎಂದೆ. ಒಳಗಿನಿಂದ ಹೆಂಡತಿ, "ಬರ್ತಾರಂತೆ ಹೇಳಿ" ಎಂದಳು.

ನಮ್ಮಲ್ಲಿ ಸಣ್ಣ ಹಳ್ಳಕ್ಕೆ ತೋಡು ಎನ್ನುತ್ತೇವೆ. ದಂಡೆಯಲ್ಲಿ ಹುಲ್ಲು, ಪೊದೆ, ಮರ, ಬೇರು ಎಲ್ಲ ಇದ್ದರೆ ಮಣ್ಣು ನಿಲ್ಲುತ್ತದೆ, ಬೇಸಗೆಗೂ ನೀರು ಇರುತ್ತದೆ. ದನ ಒಂದೇ ಕಡೆ ಮೇಯ್ದು ತುಳಿದರೆ ದಂಡೆ ಬೋಳಾಗಿ, ಮಳೆಗೆ ಕುಸಿದು, ಕೆಳಗಿನ ಗದ್ದೆಗೆ ಮಣ್ಣು ತುಂಬುತ್ತದೆ. ಇದನ್ನು ಅಳೆಯಲು ಮೇಡಂ ಹತ್ತಿರ ಒಂದು ಪತ್ರಿಕೆ ಇತ್ತು. ಹತ್ತು ಪ್ರಶ್ನೆ, ಪ್ರಶ್ನೆಗೆ ಹತ್ತರಂತೆ ನೂರು ಮಾರ್ಕು.

ನಾವು ನೋಡಿದ ದಂಡೆಗಳು ಹಲವು. ಆದರೆ ನನ್ನ ನಿದ್ದೆ ಕೆಡಿಸಿದ್ದು ಒಂದೇ, ಕಾರ್ಕಳದ ಕಡೆಯ ಒಂದು ಹಳ್ಳಿಯದು. ಅಲ್ಲಿ ತೋಡಿನ ಬದಿಯ ಪಂಚಾಯತ್ ಜಾಗದಲ್ಲಿ ಐದು ದನ ಮೇಯಿಸುವ ಒಬ್ಬ ಹೆಂಗಸು ಇದ್ದರು. ಅರುವತ್ತು ದಾಟಿದವರು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಡೈರಿಗೆ ಹಾಲು ಹಾಕಿಯೇ ಅವರ ಜೀವನ. ಪಂಚಾಯತ್ ಅಧ್ಯಕ್ಷರಿಗೆ ಗೋಡೆ ಕಟ್ಟಿಸುವುದೆಂದರೆ ಪಂಚಪ್ರಾಣ. ದಂಡೆ ಕುಸಿಯುತ್ತಾ ಉಂಟು, ಮುಂದಿನ ದೀಪಾವಳಿಯ ಹೊತ್ತಿಗೆ ಮಣಿಪಾಲದವರ ಪತ್ರಿಕೆಯಲ್ಲಿ ಐವತ್ತು ಮಾರ್ಕು ಬಂದರೆ ಸರಿ, ಇಲ್ಲದಿದ್ದರೆ ಕಲ್ಲಿನ ಗೋಡೆ, ದನ ಇಳಿಯುವ ಹಾಗಿಲ್ಲ ಎಂದು ಅವರು ಸಭೆಯಲ್ಲಿ ಹೇಳಿಬಿಟ್ಟಿದ್ದರು. ದನ ಇಳಿಯದಿದ್ದರೆ ಅಕ್ಕನ ದನದ ಹಟ್ಟಿ ಖಾಲಿ. ನಮಗೆ ಸಿಕ್ಕಿದ ಒಂದು ವರ್ಷದ ಕಥೆ ಇದು.

೧. ಕೆಂಪಿ ತಿನ್ನುವ ಹುಲ್ಲು

ಮೇಡಂಗೆ ಹುಲ್ಲು ಗೊತ್ತು, ದನ ಕಂಡರೆ ಹೆದರಿಕೆ. ನನಗೆ ದನ ಗೊತ್ತು, ಹುಲ್ಲೆಂದರೆ ಹಸಿರು ಬಣ್ಣದ್ದು ಎಂಬಷ್ಟೇ ಜ್ಞಾನ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಮೊದಲ ದಿನ ನಮ್ಮ ಜೋಡಿ ಹಾಗೆಯೇ ಇತ್ತು. ಅವರು ದಂಡೆಯ ಹುಲ್ಲಿನ ಕಡೆ ಬಗ್ಗಿದರೆ ನಾನು ಹಟ್ಟಿಯ ಕಡೆ ನಡೆದಿದ್ದೆ.

ಪತ್ರಿಕೆಯ ಮೂರನೆಯ ಪ್ರಶ್ನೆ, ದನ ಇಷ್ಟಪಡುವ ಹುಲ್ಲು ಎಷ್ಟು ಉಳಿದಿದೆ ಎಂಬುದು. ಮೇಡಂ ಒಂದೊಂದೇ ಕಡ್ಡಿ ಕಿತ್ತು ಅದರ ಶಾಸ್ತ್ರದ ಹೆಸರು ಹೇಳುತ್ತಾ ಹೋದರು. ಹೆಸರುಗಳೆಲ್ಲ ವಿಷ್ಣುಸಹಸ್ರನಾಮದಷ್ಟು ಉದ್ದ. ಆದರೆ ಇವುಗಳಲ್ಲಿ ದನಕ್ಕೆ ಯಾವುದು ಇಷ್ಟ ಎಂದು ನಾನು ಕೇಳಿದಾಗ ಅವರು ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ.

"ಅಕ್ಕಾ, ಇದಕ್ಕೆ ಎಂತ ಹೇಳ್ತೀರಿ?"

"ಹೆಸರು ನಂಗೆ ಗೊತ್ತಿಲ್ಲ ಡಾಕ್ಟ್ರೇ. ಹುಲ್ಲಿನಲ್ಲಿ ಮೂರು ನಮೂನೆ ಉಂಟು. ಕೆಂಪಿ ತಿನ್ನುವುದು, ಕೆಂಪಿ ತಿನ್ನದ್ದು, ಮತ್ತೆ ಕೆಂಪಿ ತಿಂದು ಬೇಜಾರು ಮಾಡಿಕೊಳ್ಳುವುದು."

ಕೆಂಪಿ ಅಂದರೆ ಅವರ ಐದು ದನಗಳಲ್ಲಿ ಹಿರಿಯದು. ಮೇಡಂ ನಗುತ್ತಾರೆ ಅಂದುಕೊಂಡೆ. ಅವರು ನಗಲಿಲ್ಲ, ಪೆನ್ನು ತೆಗೆದರು. ಕೆಂಪಿಗೆ ಬೇಜಾರಾದದ್ದು ಹೇಗೆ ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ, ಮಳೆಗಾಲದಲ್ಲಿ ಯಾವುದನ್ನು ತಿಂದರೆ, ಬೇಸಗೆಯಲ್ಲಿ ಯಾವುದನ್ನು ತಿಂದರೆ ಎಂದು ಒಂದು ಗಂಟೆ ಕೇಳಿದರು. ಅಕ್ಕ ಒಂದೊಂದು ಕಡ್ಡಿಗೂ ಉತ್ತರ ಕೊಟ್ಟರು. ನಾಚಿಕೆಮುಳ್ಳು ಎಷ್ಟು ಹೆಚ್ಚಿದರೆ ದಂಡೆ ಅಷ್ಟು ಬಡವಾಗಿದೆ ಎಂದು ಮೇಡಂ ಪುಸ್ತಕದಲ್ಲಿ ಓದಿದ್ದರಂತೆ. ಅಕ್ಕ ಅದನ್ನೇ, "ಕೆಂಪಿ ಬಿಟ್ಟದ್ದೆಲ್ಲ ಬೆಳೆದು, ತಿಂದದ್ದೆಲ್ಲ ಹೋದರೆ ಮತ್ತೆ ಉಳಿಯುವುದು ಮುಳ್ಳೇ ಅಲ್ವಾ?" ಎಂದರು. ಇಷ್ಟು ವರ್ಷ ದನದ ಬಾಯಿಯ ಒಳಗೆ ಕೈ ಹಾಕಿಯೂ ಅದರ ಹೊರಗಿನ ಹುಲ್ಲನ್ನು ನಾನು ಒಮ್ಮೆಯೂ ನೋಡಿರಲಿಲ್ಲ ಎಂದು ನನಗೆ ನಾಚಿಕೆಯಾಯಿತು.

ಆ ದಿನ ನೂರಕ್ಕೆ ನಲವತ್ತೆರಡು ಬಂತು. ಸಂಜೆ ಪತ್ರಿಕೆಯನ್ನು ತಿರುಗಿಸಿ ನೋಡಿದೆ. 'ಹುಲ್ಲು ಗುರುತಿಸಲು ನೆರವಾದ ತಜ್ಞರು' ಎಂಬಲ್ಲಿ ಮೇಡಂ ಅಕ್ಕನ ಹೆಸರು ಬರೆದಿದ್ದರು, ಕೆಳಗೆ ಕೆಂಪಿಯದು. ನನ್ನ ಹೆಸರು 'ಇತರೆ' ಎಂಬಲ್ಲಿ ಇತ್ತು.

೨. ಒಂದು ಮೀಟರಿನ ಚೌಕ

ಹುಲ್ಲು ಎಣಿಸಲು ನಮ್ಮ ಹತ್ತಿರ ಪೈಪಿನಿಂದ ಮಾಡಿದ ಒಂದು ಚೌಕ ಇತ್ತು. ಒಂದು ಮೀಟರು ಉದ್ದ, ಒಂದು ಮೀಟರು ಅಗಲ. ಅದನ್ನು ದಂಡೆಯ ಮೇಲೆ ಇಟ್ಟು, ಒಳಗೆ ಎಷ್ಟು ಹುಲ್ಲು, ಎಷ್ಟು ಬೋಳು ನೆಲ ಎಂದು ಲೆಕ್ಕ ಹಾಕುವುದು. ಮೇಡಂ ಅದನ್ನು ಬಿಚ್ಚಿ ಮಡಚಿ ಚೀಲಕ್ಕೆ ಹಾಕಬಹುದು ಎಂದಿದ್ದರು. ನಾನು ಬುದ್ಧಿವಂತ. ಅಲುಗಾಡುತ್ತದೆ ಎಂದು ನಾಲ್ಕು ಮೂಲೆಗೂ ಅಂಟು ಹಾಕಿ ಭದ್ರ ಮಾಡಿಬಿಟ್ಟಿದ್ದೆ.

ಒಂದು ದಿನ ಮೇಡಂ ಅವರ ಕಾರು ಕೆಟ್ಟಿತು. ಕಾರ್ಕಳದಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೊರಟೆವು. ಕಾಲೇಜು ಬಿಡುವ ಹೊತ್ತು. ಚೌಕ ಸೀಟಿನ ಕೆಳಗೆ ಹೋಗಲಿಲ್ಲ, ಮೇಲೆಯೂ ನಿಲ್ಲಲಿಲ್ಲ. ಕೊನೆಗೆ ಅದರ ಒಳಗೆ ನಾನೇ ನಿಂತು, ಸೊಂಟದ ಮಟ್ಟಕ್ಕೆ ಹಿಡಿದುಕೊಂಡೆ. ಸುತ್ತ ಜನ ಒತ್ತಿಕೊಂಡು ನಿಂತಿದ್ದರು, ನಡುವೆ ನಾನೊಬ್ಬ ಆರಾಮವಾಗಿದ್ದೆ. ಇಂಥ ಸುಖ ನನಗೆ ಬಸ್ಸಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಕಂಡಕ್ಟರ್ ಬಂದರು. ಚೌಕವನ್ನು ನೋಡಿದರು, ನನ್ನನ್ನು ನೋಡಿದರು.

"ಇದು ಎಂತದು?"

"ಹುಲ್ಲು ಎಣಿಸುವುದು."

ಅವರು ಇನ್ನೇನೂ ಕೇಳಲಿಲ್ಲ. ಹಿಂದಕ್ಕೆ ತಿರುಗಿ, "ಇಲ್ಲಿ ಜಾಗ ಉಂಟು, ಮೂರು ಜನ ಒಳಗೆ ಬನ್ನಿ" ಎಂದರು. ಜನ ಬಗ್ಗಿ ಬಗ್ಗಿ ಪೈಪಿನ ಅಡಿಯಿಂದ ಒಳಗೆ ನುಗ್ಗಿದರು. ಮೊದಲು ಮೂವರು, ಮುಂದಿನ ಸ್ಟಾಪಿನಲ್ಲಿ ಇನ್ನಿಬ್ಬರು. ಮೀನಿನ ಚೀಲ ಹಿಡಿದ ಒಬ್ಬರು ನನ್ನ ಕಾಲಿನ ಮೇಲೆಯೇ ನಿಂತರು.

ಸೀಟು ಸಿಕ್ಕಿದ್ದ ಮೇಡಂ ಪುಸ್ತಕ ತೆರೆದು ಏನೋ ಬರೆಯುತ್ತಿದ್ದರು. ಇಳಿದ ಮೇಲೆ ಕೇಳಿದೆ. "ಚದರ ಮೀಟರಿಗೆ ಆರು, ನೆಲ ಪೂರ್ತಿ ಬೋಳು, ಬೇರಿಗೆ ಪೆಟ್ಟಾಗಿದೆ" ಎಂದರು. ಬೇರು ಎಂದರೆ ನನ್ನ ಕಾಲಿನ ಹೆಬ್ಬೆರಳು.

೩. ಗುಡಿಸಿ ಇಟ್ಟ ದಂಡೆ

ಎರಡನೆಯ ಸಲ ಅಕ್ಕನ ದಂಡೆಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಐವತ್ತಕ್ಕೆ ಇನ್ನು ಎಂಟೇ ಬೇಕು, ಎರಡು ತಿಂಗಳಲ್ಲಿ ಒಂದಿಷ್ಟು ಪೊದೆ ಮೇಲೆದ್ದಿದ್ದರೆ ದಾರಿ ಅರ್ಧ ಸವೆದ ಹಾಗೆ ಎಂದು ಲೆಕ್ಕ ಹಾಕುತ್ತಾ ನಡೆದೆವು.

ದಂಡೆ ಕಂಡಾಗ ನಮ್ಮ ಕಾಲು ನಿಂತಿತು. ಒಂದು ಪೊದೆ ಇಲ್ಲ. ಕೇದಗೆಯ ಮೆಳೆ ಇಲ್ಲ. ನೀರಿಗೆ ಬಾಗಿ ಬಿದ್ದಿದ್ದ ಹಳೆಯ ಮರದ ಕೊಂಬೆ ಇಲ್ಲ. ಯಂತ್ರ ಹಿಡಿದು ಹುಲ್ಲನ್ನು ಬುಡದ ತನಕ ಕತ್ತರಿಸಿ, ಆಮೇಲೆ ಗುಡಿಸಿದ್ದರು. ದಾರಿಯ ಎರಡೂ ಬದಿಗೆ ಸುಣ್ಣದ ಗೆರೆ ಬೇರೆ ಎಳೆದಿದ್ದರು. ನಾವು ಇಳಿಯುವಲ್ಲಿ ಅಕ್ಕ ಸೆಗಣಿ ಸಾರಿಸಿ ರಂಗೋಲಿ ಹಾಕಿ, ಎರಡು ಎಳನೀರು ಇಟ್ಟು ನಿಂತಿದ್ದರು.

"ಅಧ್ಯಕ್ಷರು ಹೇಳಿದರು, ಆಫೀಸರು ಮಾರ್ಕು ಹಾಕ್ಲಿಕ್ಕೆ ಬರ್ತಾರೆ, ಕ್ಲೀನು ಇರ್ಬೇಕು ಅಂತ. ನೋಡಿ ಡಾಕ್ಟ್ರೇ, ಒಂದು ಹುಲ್ಲುಕಡ್ಡಿ ಕಂಡರೆ ಹೇಳಿ."

ನಾನು ನಿಜವಾಗಿಯೂ ಹುಡುಕಿದೆ. ಕಾಣಲಿಲ್ಲ. ಮೇಡಂ ಎಳನೀರಿನ ಸ್ಟ್ರಾ ಬಾಯಲ್ಲಿಟ್ಟುಕೊಂಡು ಕುಡಿಯುವುದನ್ನೇ ಮರೆತು ನಿಂತಿದ್ದರು.

ತಪ್ಪು ಅಕ್ಕನದಲ್ಲ. ನಮ್ಮ ಕರಾವಳಿಯಲ್ಲಿ ಯಾರಾದರೂ ಬರುತ್ತಾರೆ ಎಂದರೆ ಮೊದಲು ಕೈಗೆ ಬರುವುದು ಹಿಡಿಸೂಡಿ, ಅಂದರೆ ಪೊರಕೆ. ಅಂಗಳದಲ್ಲಿ ಹುಲ್ಲು ಇದ್ದರೆ ಮನೆಯವರು ಸೋಮಾರಿಗಳು. ಆದರೆ ಮೇಡಂ ಪತ್ರಿಕೆಗೆ ಕಸವೇ ಮಾರ್ಕು. ಬಿದ್ದ ಕೊಂಬೆಗೆ ಮಾರ್ಕು, ಹೆಣೆದ ಬೇರಿಗೆ ಮಾರ್ಕು, ಎದೆಯೆತ್ತರ ಬೆಳೆದ ಪೊದೆಗೆ ಕೈ ತುಂಬ ಮಾರ್ಕು. ಅಕ್ಕ ಮೂರು ದಿನ ಬೆನ್ನು ಬಗ್ಗಿಸಿ ಆ ಮಾರ್ಕುಗಳನ್ನೆಲ್ಲ ಗುಡಿಸಿ ಗುಂಡಿಗೆ ಹಾಕಿದ್ದರು.

ಇದನ್ನು ಹೇಳುವವರು ಯಾರು? ಮೇಡಂ ನನ್ನ ಕಡೆ ನೋಡಿದರು. ಸತ್ತ ಕರುವಿನ ಸುದ್ದಿ ಹೇಳಿದ ಅನುಭವ ನನಗಿದೆ, ಅದೇ ಧ್ವನಿಯಲ್ಲಿ ಹೇಳಿದೆ. ನಲವತ್ತೆರಡು ಇದ್ದದ್ದು ಇಪ್ಪತ್ತೇಳಕ್ಕೆ ಇಳಿದಿತ್ತು. ಅಕ್ಕ ಸೊಂಟಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ತೋಡನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಮತ್ತೆ ಅವರು ಮೆಲ್ಲನೆ ಕೇಳಿದರು.

"ಹಾಗಾದ್ರೆ ಏನೂ ಮಾಡದೆ ಸುಮ್ಮನೆ ಕೂತರೆ ಮಾರ್ಕು ಜಾಸ್ತಿ ಸಿಗ್ತದಾ?"

"ಹೌದು ಅಕ್ಕಾ."

"ಈ ಪತ್ರಿಕೆ ಮೊದಲೇ ಇದ್ದಿದ್ದರೆ ನಮ್ಮ ಮನೆಯವರು ಜಿಲ್ಲೆಗೇ ಫಸ್ಟ್ ಬರ್ತಿದ್ದರು" ಎಂದರು ಅಕ್ಕ.

೪. ನಾಗಬನಕ್ಕೆ ತೊಂಬತ್ತೆರಡು

ಒಂದು ದಂಡೆ ಎಷ್ಟು ಹಾಳಾಗಿದೆ ಎಂದು ತಿಳಿಯಬೇಕಾದರೆ ಹಾಳಾಗದ ದಂಡೆ ಹೇಗಿರುತ್ತದೆ ಎಂದು ಮೊದಲು ನೋಡಬೇಕಂತೆ. ಅದೇ ತೋಡಿನಲ್ಲಿ ಅಂಥದ್ದು ಒಂದೇ ಇತ್ತು, ಸ್ವಲ್ಪ ಕೆಳಗಿನ ನಾಗಬನ. ಅಲ್ಲಿ ಯಾರೂ ಕತ್ತಿ ಹಾಕುವುದಿಲ್ಲ, ದನ ಕಟ್ಟುವುದಿಲ್ಲ, ಕಾರಣವಿಲ್ಲದೆ ಒಳಗೆ ಕಾಲಿಡುವುದಿಲ್ಲ. ಹೊನ್ನೆ ಮರದ ಬೇರು ನೀರಿನ ತನಕ ಇಳಿದಿತ್ತು, ಬೆತ್ತ ಹೆಣೆದುಕೊಂಡಿತ್ತು. ತೋಡು ಎಲ್ಲ ಕಡೆ ಕೆಂಪಗೆ ಹರಿದು ಬಂದರೂ ಬನದ ಬದಿಯಲ್ಲಿ ತಿಳಿಯಾಗಿತ್ತು. ದಂಡೆ ಎಂದರೆ ಹೀಗೂ ಇರುತ್ತದೆಯೇ ಎಂದು ನಾನು ಬಾಯಿ ತೆರೆದು ನೋಡಿದೆ.

ಚೌಕ ಒಳಗೆ ಇಡುವ ಪ್ರಶ್ನೆಯೇ ಇಲ್ಲ. ನಾನು ಚಪ್ಪಲಿ ಬಿಚ್ಚಿಟ್ಟು ಕೈಮುಗಿದು ನಿಂತೆ, ಮೇಡಂ ಹೊರಗಿನಿಂದಲೇ ದುರ್ಬೀನು ಹಿಡಿದು ಎಣಿಸಿದರು. ಬನದ ಮನೆತನದ ಹಿರಿಯರೊಬ್ಬರು ಬಂದು ನಮ್ಮ ಹಿಂದೆ ನಿಂತದ್ದು ನಮಗೆ ತಿಳಿಯಲಿಲ್ಲ. ಮೇಷ್ಟ್ರಾಗಿದ್ದವರು.

"ಎಂತ ನೋಡುವುದು?"

ವಿಷಯ ಹೇಳಿದೆವು. ಬೈಯುತ್ತಾರೆ ಎಂದು ಹೆದರಿದ್ದೆ. ಅವರು ಗಂಭೀರವಾಗಿ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಬಂತು?"

"ತೊಂಬತ್ತೆರಡು."

"ಎಂಟು ಎಲ್ಲಿ ಹೋಯಿತು?"

ನಮ್ಮ ಜಿಲ್ಲೆಯವರಿಗೆ ಮಾರ್ಕಿನ ಸುದ್ದಿ ಹೇಳುವಾಗ ಜಾಗ್ರತೆ ಬೇಕು. ಪಿಯುಸಿ ಫಲಿತಾಂಶದ ದಿನ ತೊಂಬತ್ತೆಂಟು ಬಂದವನ ಮನೆಯಲ್ಲಿಯೂ ಒಲೆ ಹೊತ್ತುವುದಿಲ್ಲ, ಉಳಿದ ಎರಡು ಎಲ್ಲಿ ಹೋಯಿತೆಂಬ ಚಿಂತೆ. ಮೇಷ್ಟ್ರು ಬಿಡಲಿಲ್ಲ. ಮೇಡಂ ಪತ್ರಿಕೆ ತೋರಿಸಿದರು. ಪೂಜೆಗೆ ತಂದ ಹಾಲಿನ ಖಾಲಿ ಪ್ಯಾಕೆಟ್ಟುಗಳು ದಂಡೆಯ ಬೇರುಗಳಲ್ಲಿ ಸಿಕ್ಕಿಕೊಂಡಿದ್ದವು, ಅದಕ್ಕೆ ಎಂಟು ಹೋಗಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಪ್ಯಾಕೆಟ್ಟುಗಳನ್ನು ನೋಡಿ ಹೊರಟುಹೋದರು.

ವಾರ ಕಳೆದು ಮೇಡಂಗೆ ಅವರ ಫೋನು ಬಂತು. ಬನದ ಬದಿ ಪೂರ್ತಿ ಶುದ್ಧ ಮಾಡಿಸಿದ್ದಾರೆ, ಹಾಲು ಇನ್ನು ಚೆಂಬಿನಲ್ಲಿಯೇ ತರಬೇಕೆಂದು ಎಲ್ಲರಿಗೂ ತಾಕೀತು ಮಾಡಿದ್ದಾರೆ. ಮೇಡಂ ಸಂತೋಷಪಟ್ಟು ಧನ್ಯವಾದ ಹೇಳಿದರು.

"ಅದೆಲ್ಲ ಇರಲಿ" ಎಂದರು ಮೇಷ್ಟ್ರು. "ಮರುಮೌಲ್ಯಮಾಪನಕ್ಕೆ ಅರ್ಜಿ ಯಾರಿಗೆ ಬರೆಯುವುದು?"

೫. ನಾದಿನಿಯ ಸೀರೆ

ಇಪ್ಪತ್ತೇಳರಿಂದ ಐವತ್ತಕ್ಕೆ ಏರಬೇಕಾದರೆ ದಂಡೆಗೆ ವಿಶ್ರಾಂತಿ ಬೇಕಿತ್ತು. ಮೇಡಂ ಉಪಾಯ ಹೇಳಿದರು. ದಂಡೆಯನ್ನು ನಾಲ್ಕು ಪಾಲು ಮಾಡಿ, ಒಂದು ಸಲಕ್ಕೆ ಒಂದೇ ಪಾಲಿನಲ್ಲಿ ಮೇಯಿಸುವುದು. ಕೆಲವೇ ದಿನ ಮೇಯ್ದ ಮೇಲೆ ಮುಂದಿನ ಪಾಲು. ಮೇಯ್ದ ಪಾಲಿನಲ್ಲಿ ಹುಲ್ಲು ಮೊಣಕಾಲಿನ ಎತ್ತರ ಬರುವ ತನಕ ಮತ್ತೆ ಇಳಿಸಬಾರದು. ನೀರು ಕುಡಿಯಲು ಇಳಿಯುವುದಕ್ಕೆ ಕಲ್ಲು ಹಾಸಿದ ಒಂದೇ ಕಡವು. ಜೋರು ಮಳೆಯ ತಿಂಗಳುಗಳಲ್ಲಿ ದನ ದಂಡೆಗೆ ಇಳಿಯುವುದೇ ಬೇಡ, ಹಟ್ಟಿಗೇ ಹುಲ್ಲು ಕೊಯ್ದು ತರುವುದು. ಅಕ್ಕ ಎಲ್ಲದಕ್ಕೂ ಒಪ್ಪಿದರು. ಆದರೆ ಪಾಲುಗಳ ನಡುವೆ ಬೇಲಿ ಎಲ್ಲಿಂದ ತರುವುದು?

ಅದನ್ನು ಅವರೇ ಬಗೆಹರಿಸಿಕೊಂಡರು. ಕಪಾಟಿನ ಹಳೆಯ ಸೀರೆಗಳನ್ನೆಲ್ಲ ತೆಗೆದು ಗೂಟದಿಂದ ಗೂಟಕ್ಕೆ ಉದ್ದಕ್ಕೆ ಬಿಗಿದರು. ನಮ್ಮ ಊರಿನ ತರಕಾರಿ ಬೇಲಿ ಯಾವಾಗಲೂ ಅದೇ ತಾನೇ. ಹಳದಿ, ನೀಲಿ, ಹೂವಿನದು, ಜರಿಯಂಚಿನದು. ತೋಡಿನ ಬದಿ ಜವಳಿ ಅಂಗಡಿಯ ಹಾಗೆ ಕಾಣುತ್ತಿತ್ತು. ಗಾಳಿಗೆ ಸೀರೆ ಬಡಿದರೆ ದನಗಳು ಹಿಂದೆ ಸರಿಯುತ್ತಿದ್ದವು.

ಎಲ್ಲವೂ ಸರಿಯಾಗಿ ನಡೆಯುತ್ತಿದ್ದಾಗ ಕಾಪುವಿನಿಂದ ಅಕ್ಕನ ನಾದಿನಿ ಬಂದರು. ಆ ದಿನ ನಾವೂ ಅಲ್ಲಿದ್ದೆವು, ಓಡಿಹೋಗಲು ದಾರಿ ಇರಲಿಲ್ಲ. ನಾದಿನಿ ದಂಡೆಯ ಉದ್ದಕ್ಕೂ ಮೆಚ್ಚುತ್ತಾ ನಡೆದವರು ಮೂರನೆಯ ಪಾಲಿನ ಬಳಿ ನಿಂತುಬಿಟ್ಟರು. ಅಲ್ಲಿ ನೇರಳೆ ಬಣ್ಣದ, ದೊಡ್ಡ ಹೂವಿನ ಸೀರೆ ಕಟ್ಟಿತ್ತು. ಇನ್ನೂ ಹೊಳಪು ಹೋಗಿರಲಿಲ್ಲ.

"ಅತ್ತಿಗೇ, ಇದು ಗೃಹಪ್ರವೇಶಕ್ಕೆ ನಾನು ಕೊಟ್ಟದ್ದಲ್ವಾ?"

ಅಕ್ಕ ಪಕ್ಕದ ಗೂಟವನ್ನು ಗಟ್ಟಿ ಮಾಡಲು ಬಗ್ಗಿದರು. ಮೇಡಂ ನೆಲದ ಮೇಲೆ ಇಲ್ಲದ ಹುಲ್ಲನ್ನು ಎಣಿಸತೊಡಗಿದರು. ನಾನು ಕೆಂಪಿಯ ಹಲ್ಲು ನೋಡಲು ಹೋದೆ.

"ನಾನು ಅಂಗಡಿ ಅಂಗಡಿ ಸುತ್ತಿ ಆರಿಸಿದ್ದು. ದನಕ್ಕೆ ಕೊಟ್ಟುಬಿಟ್ಟಿರಾ?"

"ದನಕ್ಕೆ ಅಲ್ಲ ಮಾರಾಯ್ತಿ, ದನ ಬಾರದ ಹಾಗೆ" ಎಂದರು ಅಕ್ಕ. ನಾದಿನಿಯ ಮುಖ ಸಡಿಲವಾಗಲಿಲ್ಲ. ಆಗ ಅಕ್ಕ ಅವರನ್ನು ಸಮಾಧಾನ ಮಾಡಬೇಕೆಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಬೇಕಾದರೆ ಡಾಕ್ಟ್ರ ಹತ್ತಿರ ಕೇಳು. ಬೇರೆ ಸೀರೆಗಳನ್ನೆಲ್ಲ ದನಗಳು ಹಾರಿ ಬರ್ತವೆ. ನೀನು ಆರಿಸಿದ್ದನ್ನು ಕಂಡರೆ ಒಂದು ದನವೂ ಹತ್ತಿರ ಬರುವುದಿಲ್ಲ."

೬. ತುಳಿದವರು ಯಾರು

ಮಳೆ ಬಂತು. ಸೀರೆಯ ಬೇಲಿಯ ಒಳಗೆ ಹುಲ್ಲು ಎದ್ದು ನಿಂತಿತು, ಕತ್ತರಿಸಿದ ಕೇದಗೆ ಬುಡದಿಂದ ಚಿಗುರಿತು. ಸುದ್ದಿ ಹರಡಿ ನೋಡಲು ಜನ ಬಂದರು. ಅಧ್ಯಕ್ಷರು ಗೋಡೆಯ ಆಸೆ ಬಿಟ್ಟಿರಲಿಲ್ಲ. ಹೆಂಗಸು ಕದ್ದು ಕದ್ದು ದನ ಇಳಿಸಿದರೆ ಯಾರು ನೋಡುವವರು ಎಂದು, ದಂಡೆಯನ್ನು ಕಾಯಲು ಒಂಬತ್ತು ಮಂದಿಯ ಉಸ್ತುವಾರಿ ಸಮಿತಿ ಮಾಡಿದರು. ತಾವೇ ಅದಕ್ಕೂ ಅಧ್ಯಕ್ಷರು. ಸಮಿತಿಯವರು ಪ್ರತಿ ಶನಿವಾರ ಕೊಡೆ ಹಿಡಿದು ಬಂದು ದಂಡೆಯನ್ನು ಪರಿಶೀಲಿಸುತ್ತಿದ್ದರು. ಅಕ್ಕ ಚಾ ಮಾಡಿ ಕೊಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಕೊನೆಯ ಪರೀಕ್ಷೆ. ಸಮಿತಿಯ ಒಂಬತ್ತು ಮಂದಿಯೂ ಹಾಜರಿದ್ದರು. ಮೇಡಂ ಒಂದೊಂದೇ ಪ್ರಶ್ನೆ ಓದಿ ಮಾರ್ಕು ಹಾಕಿದರು. ಒಂಬತ್ತು ಪ್ರಶ್ನೆ ಮುಗಿದಾಗ ನಲವತ್ತೆಂಟು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಉಳಿದದ್ದು ಹತ್ತನೆಯ ಪ್ರಶ್ನೆ, ಮೇಯುವ ಪ್ರಾಣಿಗಳ ತುಳಿತ. ಎರಡು ಮಾರ್ಕು ಸಿಕ್ಕಿದರೆ ಸಾಕಿತ್ತು. ಮೂರು ಪಾಲುಗಳಲ್ಲಿ ತುಳಿತದ ಗುರುತೇ ಇರಲಿಲ್ಲ, ನಾನು ಒಳಗೊಳಗೇ ಹಿಗ್ಗಿದೆ.

ನಾಲ್ಕನೆಯ ಪಾಲಿನಲ್ಲಿ ದೊಡ್ಡ ಮರದ ಅಡಿಗೆ ಬಂದಾಗ ನನ್ನ ಹಿಗ್ಗು ಇಳಿಯಿತು. ಅಷ್ಟು ಜಾಗ ಪೂರ್ತಿ ಬೋಳು. ಮಣ್ಣು ಕಲೆಸಿದ ಹಿಟ್ಟಿನ ಹಾಗೆ ಆಗಿ, ಅಂಚು ಕುಸಿದು ತೋಡಿಗೆ ಬಿದ್ದಿತ್ತು.

ಅಧ್ಯಕ್ಷರು ಕೈ ತೋರಿಸಿದರು. "ನೋಡಿ ಮೇಡಂ. ನಾನು ಹೇಳಿದ್ದೆ. ದನ ಇಳಿಸಿದ್ದಾರೆ."

"ಇಲ್ಲ. ಈ ಪಾಲಿಗೆ ಮಳೆಗಾಲದಿಂದ ಒಂದು ಕರುವೂ ಬರಲಿಲ್ಲ" ಎಂದರು ಅಕ್ಕ.

ಮೇಡಂ ನಿಯಮದ ಮನುಷ್ಯರು. ಕಂಡದ್ದನ್ನು ಬರೆಯದೆ ಬಿಡುವವರಲ್ಲ. ದನ ತುಳಿದು ದಂಡೆ ಕುಸಿದಿದ್ದರೆ ಹತ್ತಕ್ಕೆ ಸೊನ್ನೆ ಎಂದು ಪತ್ರಿಕೆಯಲ್ಲಿ ಸ್ಪಷ್ಟವಾಗಿತ್ತು. ಪೆನ್ನು ಕಾಗದದ ಮೇಲೆ ನಿಂತಿತ್ತು. ನಾನು, "ಒಂದು ನಿಮಿಷ ಮೇಡಂ" ಎಂದು ಕೆಸರಿನಲ್ಲಿ ಮೊಣಕಾಲೂರಿದೆ. ಹುಲ್ಲು ನನಗೆ ಗೊತ್ತಿಲ್ಲದಿರಬಹುದು, ಗೊರಸು ಗೊತ್ತು. ದನದ ಗೊರಸು ಎರಡು ಸೀಳು. ಇಲ್ಲಿ ಸೀಳು ಇರಲಿಲ್ಲ. ಉದ್ದಕ್ಕೆ ಒಂದೇ ಗುರುತು, ಮುಂದೆ ಅಗಲ, ಹಿಂದೆ ಗುಂಡಗೆ. ನಡುವೆ ಸಣ್ಣ ಸಣ್ಣ ಹೂವಿನ ಅಚ್ಚು.

ಮೂವತ್ತು ವರ್ಷದಲ್ಲಿ ಹೂವಿನ ಅಚ್ಚಿನ ಗೊರಸು ನಾನು ನೋಡಿದ್ದಿಲ್ಲ.

"ಅಧ್ಯಕ್ಷರೇ, ಸ್ವಲ್ಪ ಕಾಲೆತ್ತಿ" ಎಂದೆ.

ದನದ ಕಾಲೆತ್ತಲು ಹಗ್ಗ ಬೇಕು, ಇಬ್ಬರು ಆಳು ಬೇಕು. ಅಧ್ಯಕ್ಷರು ಪಾಪ, ನನ್ನ ಹೆಗಲಿಗೆ ಕೈಕೊಟ್ಟು ಒಂದೇ ಮಾತಿಗೆ ಎತ್ತಿದರು. ಚಪ್ಪಲಿಯ ಅಡಿಯಲ್ಲಿ ಅದೇ ಹೂವು. ಉಳಿದ ಎಂಟು ಮಂದಿಯೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂದೊಂದು ಕಾಲು ಎತ್ತಿದರು. ಗೆರೆಯದು, ಚುಕ್ಕಿಯದು, ಹಿಮ್ಮಡಿ ಸವೆದದ್ದು. ಎಲ್ಲವೂ ಮಣ್ಣಿನಲ್ಲಿ ಇದ್ದವು. ಪ್ರತಿ ಶನಿವಾರ ಮಳೆಗೆ ಈ ಮರದ ಅಡಿಯಲ್ಲಿಯೇ ನಿಂತು ಚಾ ಕುಡಿದು, ದನ ಬಂದಿದೆಯೇ ಎಂದು ಅವರು ಕಾದಿದ್ದರು.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಡಾಕ್ಟ್ರೇ" ಎಂದರು ಅಕ್ಕ. ವರ್ಷದ ಮೇಲೆ ಅವರು ನಕ್ಕದ್ದನ್ನು ಅವತ್ತೇ ನೋಡಿದ್ದು.

ಮೇಡಂ ಕೆಸರಿನ ಅಂಚಿನಲ್ಲಿ ಬಗ್ಗಿ ಇನ್ನೂ ಎರಡು ಗುರುತುಗಳನ್ನು ನೋಡಿದರು. ಒಂದು ಅವರ ಬೂಟಿನದು, ಒಂದು ನನ್ನದು. ಅದನ್ನೂ ಮುಚ್ಚಿಡಲಿಲ್ಲ. ಮೇಯುವ ಪ್ರಾಣಿಗಳ ತುಳಿತ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು ಹತ್ತಕ್ಕೆ ಎಂಟು ಕೊಟ್ಟರು. ಒಟ್ಟು ಐವತ್ತಾರು. ಕೆಳಗೆ 'ಬೇರೆ ಪ್ರಾಣಿ ತುಳಿದಿದ್ದರೆ' ಎಂಬಲ್ಲಿ ಮೂರು ಖಾಲಿ ಜಾಗಗಳಿದ್ದವು. ಪ್ರಾಣಿಯ ಹೆಸರು: ಸಮಿತಿ ಮತ್ತು ನಾವು. ಸಂಖ್ಯೆ: ಒಂಬತ್ತು ಮತ್ತು ಎರಡು. ಪರಿಹಾರ: ಸಂಖ್ಯೆ ಇಳಿಸುವುದು, ಮಳೆಗಾಲದಲ್ಲಿ ಒಳಗೆ ಬಿಡದಿರುವುದು. ಓದಿ ನೋಡಿ ಅಧ್ಯಕ್ಷರು ಸಹಿ ಹಾಕಿದರು. ಅವರ ಗೋಡೆ ಹೋಯಿತು, ಆದರೆ ಮಾತಿಗೆ ತಪ್ಪುವವರಲ್ಲ ಎಂದು ನಾನು ಒಪ್ಪಬೇಕು.

ಮುಂದಿನ ವಾರ ಅಕ್ಕನ ಮನೆಗೆ ಸುದ್ದಿ ಹೇಳಲು ನಾನೇ ಹೋದೆ. ಅವರು ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರು, ಐದು ದನಗಳೂ ಸಾಲಾಗಿ ನಿಂತು ಮೆಲುಕು ಹಾಕುತ್ತಿದ್ದವು.

"ಗೋಡೆ ಇಲ್ಲ ಅಂತ ಸಭೆಯಲ್ಲಿ ತೀರ್ಮಾನ ಆಯ್ತು ಅಕ್ಕಾ. ಸಮಿತಿಯನ್ನೂ ಒಂಬತ್ತರಿಂದ ಮೂರಕ್ಕೆ ಇಳಿಸಿದ್ದಾರೆ."

ಅಕ್ಕ ಕರೆಯುವುದನ್ನು ನಿಲ್ಲಿಸಲಿಲ್ಲ. ನಿಜವಾದ ಕಾಳಜಿಯಿಂದ ಕೇಳಿದರು.

"ಉಳಿದ ಆರನ್ನು ಎಲ್ಲಿ ಕಟ್ಟಿದ್ದಾರೆ ಡಾಕ್ಟ್ರೇ?"